ಎರಡನೆಯವರ ಚೆಂಡು

ಮನೆಯಿಂದ,
ಅಂಗಡಿಯ ಮೇಲಿನ ಕೋಣೆ.
ತಾರೀಖು ೧೪, ಶನಿವಾರ ಮಧ್ಯಾಹ್ನ.

ಪ್ರೀತಿಯ ತಮ್ಮಯ್ಯನಿಗೆ ಅಕ್ಕನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ. ನೀನು ಹೇಗಿದ್ದೀಯ? ಇದಕ್ಕೆ "ಚೆನ್ನಾಗಿದ್ದೇನೆ" ಎಂದು ಒಂದೇ ಪದದಲ್ಲಿ ಉತ್ತರ ಬರೆಯಬೇಡ, ಬಿಡಿಸಿ ಬರೆ. ಬಲ ಮಂಡಿಯ ನೋವು ಹೇಗಿದೆ? ಹಡಗಿನ ಮೆಟ್ಟಿಲುಗಳು ಏಣಿಯಷ್ಟು ಕಡಿದಾಗಿವೆ ಎಂದು ನೀನು ಹಿಂದೊಮ್ಮೆ ಬರೆದಿದ್ದೆ. ಹತ್ತುವಾಗ ಎಡಗಾಲನ್ನು ಮುಂದಿಡು, ಇಳಿಯುವಾಗ ಬಲಗಾಲನ್ನು. ಕೈಯಲ್ಲಿ ಸಾಮಾನಿನ ಪೆಟ್ಟಿಗೆ ಇದ್ದರೆ ಮೊದಲು ಪೆಟ್ಟಿಗೆ ಕೆಳಗಿಡು, ಆಮೇಲೆ ಶೌರ್ಯ ತೋರಿಸು. ಕನ್ನಡಕದ ಕಾಲಿಗೆ ದಾರ ಸುತ್ತಿಕೊಂಡು ಹೋದವನು ಹೊಸದು ಮಾಡಿಸಿದೆಯೋ, ಅಥವಾ ಆ ದಾರವೂ ಹರಿದು ಇನ್ನೊಂದು ದಾರ ಸುತ್ತಿದ್ದೀಯೋ? ಸಮುದ್ರದ ಗಾಳಿಗೆ ಕಿವಿ ಮುಚ್ಚಿಕೋ. ಚಿಕ್ಕಂದಿನಿಂದ ನಿನಗೆ ಮೊದಲು ಶೀತವಾಗುವುದೇ ಕಿವಿಗೆ. ನನ್ನ ಬಗ್ಗೆ ಕೇಳುವೆಯಾದರೆ, ರಕ್ತದೊತ್ತಡಕ್ಕೆ ಡಾಕ್ಟರು ಮಾತ್ರೆ ಬದಲಿಸಿದ್ದಾರೆ, "ಸಿಟ್ಟು ಕಡಿಮೆ ಮಾಡ್ಕೊಳಿ" ಎಂದೂ ಹೇಳಿದ್ದಾರೆ. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ.

ನಿನ್ನ ಕಾಗದ ಹೋದ ತಿಂಗಳ ಮೊದಲಲ್ಲೇ ಬಂತು. ಅದನ್ನು ಕಾಗದ ಎನ್ನುವುದಕ್ಕಿಂತ ಚೀಟಿ ಎನ್ನಬೇಕು. ಹಡಗಿನ ಕಂಪನಿಯವರು ಇನ್ನೂ ಎರಡು ವರ್ಷ ಇರು ಎನ್ನುತ್ತಿದ್ದಾರೆ, ಮುಂದಿನ ತಿಂಗಳ ಕೊನೆಯೊಳಗೆ ಹೌದೋ ಅಲ್ಲವೋ ಹೇಳಬೇಕು, ಬಹುಶಃ ಸಹಿ ಹಾಕುತ್ತೇನೆ, ಅಂಗಡಿಯ ಹಿಂದಿನ ಕೋಣೆಯಲ್ಲಿರುವ ನನ್ನ ಪೆಟ್ಟಿಗೆಯನ್ನು ಒಡೆದುಬಿಡಿ, ಪ್ಲೈವುಡ್ ಯಾವುದಕ್ಕಾದರೂ ಆಗುತ್ತದೆ, ಕೋಣೆಯೂ ಖಾಲಿಯಾಗುತ್ತದೆ. ಇಷ್ಟೇ ನೀನು ಬರೆದದ್ದು. ಊಟಕ್ಕೆ ಕೂತಾಗ ಎಲ್ಲರಿಗೂ ಓದಿ ಹೇಳಿದೆ. ನಿನ್ನ ಸೋದರಳಿಯ ತಟ್ಟೆಯಿಂದ ತಲೆ ಎತ್ತದೆ, "ಮಾವಂಗೆ ಅಲ್ಲೇ ಒಗ್ಗಿರ್ಬೇಕು ಬಿಡಮ್ಮ" ಎಂದ. ಸೊಸೆ ಮಾತ್ರ, "ಒಗ್ಗಿದವ್ರು ಪೆಟ್ಟಿಗೆ ಒಡೀರಿ ಅಂತ ಯಾಕೆ ಬರೀತಾರೆ?" ಎಂದಳು. ಅವಳ ಮಾತಿಗೆ ನಾನು ಸಾಮಾನ್ಯವಾಗಿ ತಲೆ ಆಡಿಸುವವಳಲ್ಲ, ಅಂದೂ ಆಡಿಸಲಿಲ್ಲ. ಚೀಟಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದೆ.

ನಿನ್ನ ಪೆಟ್ಟಿಗೆಯನ್ನು ಒಡೆಯಲಿಲ್ಲ. ನಿನ್ನ ಭಾವನ ಕಾಲದಿಂದ ಈ ಮರಗೆಲಸದ ಅಂಗಡಿಯಲ್ಲಿ ಅರ್ಧಕ್ಕೆ ನಿಂತ ಸಾಮಾನು ಒಡೆದ ಉದಾಹರಣೆ ಇಲ್ಲ. ಮಾಡಿಸಿದವನು ಬಾರದೇ ಹೋದರೂ ಮುಗಿಸಿ, ಪಾಲಿಶ್ ಹಾಕಿ, ಬಟ್ಟೆ ಹೊದೆಸಿ ಇಡುವುದು ನಮ್ಮ ಪದ್ಧತಿ. ಆದ್ದರಿಂದ ನಿನ್ನದನ್ನೂ ಮುಗಿಸಿ ಇಡುವುದೆಂದು ತೀರ್ಮಾನ ಮಾಡಿದೆ. ಇದರಲ್ಲಿ ಬೇರೆ ಅರ್ಥ ಹುಡುಕಬೇಡ.

ಮರುದಿನವೇ ಕೋಣೆಯ ಬೀಗ ತೆಗೆಸಿದೆ. ನೀನು ಹೊದೆಸಿ ಹೋಗಿದ್ದ ಹಳೆಯ ಹಾಸುಬಟ್ಟೆಯ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಬಟ್ಟೆ ಎಳೆದಾಗ ಉದ್ದನೆಯ ಪೆಟ್ಟಿಗೆ ಬಾಯಿ ತೆರೆದುಕೊಂಡು ಎರಡು ಸ್ಟೂಲಿನ ಮೇಲೆ ಮಲಗಿತ್ತು. ನಿನ್ನ ಸೋದರಳಿಯ ಹಿಂದಿನಿಂದ ಇಣುಕಿ, "ಹೆಣದ ಪೆಟ್ಟಿಗೆ ಇದ್ದ ಹಾಗಿದೆಯಲ್ಲಮ್ಮ" ಎಂದು ನಕ್ಕ. ನಾನು ತಿರುಗಿ ನೋಡಿದೆ. ನಗು ಅಲ್ಲಿಗೆ ನಿಂತಿತು. ಪೆಟ್ಟಿಗೆಯ ಮೇಲೆ ಮಲಗಿಸಬೇಕಾದ ದೊಡ್ಡ ಟಿ.ವಿ. ಕಂಬಳಿಯಲ್ಲಿ ಸುತ್ತಿ ಗೋಡೆಗೆ ಒರಗಿತ್ತು. ತಲೆಯ ಕಡೆ ನೇರವಾಗಿ ನಿಲ್ಲುವ ಚಿಕ್ಕ ಪೆಟ್ಟಿಗೆ, ಅದರೊಳಗಿನ ಚಿಕ್ಕ ಪರದೆ, ಕವಚವಿಲ್ಲದ ಕಂಪ್ಯೂಟರು, ಪಕ್ಕಕ್ಕೆ ಒತ್ತುವ ಗುಂಡಿಗಳು, ಕೆಂಪು ತಲೆಯ ಆಟದ ಕೋಲು, ಚೆಂಡು ಚಿಮ್ಮಿಸಲು ಎಳೆದು ಬಿಡುವ ಸ್ಪ್ರಿಂಗಿನ ಹಿಡಿ, ಎಲ್ಲವೂ ಇದ್ದವು. ತಂತಿಗಳ ಮೇಲೆಲ್ಲ ನೀನು ಬಣ್ಣದ ಟೇಪು ಸುತ್ತಿದ್ದೆ. ಕೆಂಪಿಗೆ ಕೆಂಪು, ಹಸಿರಿಗೆ ಹಸಿರು. ನಾಳೆ ಬಂದು ಮುಂದುವರಿಸುವವನ ಹಾಗೆ ಎಲ್ಲ ಒಪ್ಪವಾಗಿಟ್ಟು, ಬೀಗ ಹಾಕಿ ಹೋಗಿದ್ದೆ.

ನಮ್ಮ ಹಳೆಯ ಬಡಗಿ ಗುನುಗಪ್ಪನನ್ನು ಕರೆಸಿದೆ. ಅವನಿನ್ನೂ ಗುನುಗುತ್ತಾನೆ. ವಯಸ್ಸಾದಂತೆ ರಾಗ ಎಲ್ಲ ಒಂದೇ ಆಗಿದೆ, ಕೈ ಮಾತ್ರ ಮೊದಲಿನಂತೆಯೇ ಇದೆ. "ಏನಮ್ಮ ಇದು, ಮಂಚಾನೋ ಬೀರೂನೋ?" ಎಂದ. ಇದು ಪಿನ್‌ಬಾಲ್ ಎನ್ನುವ ಚೆಂಡಾಟದ ಪೆಟ್ಟಿಗೆ, ಒಳಗೆ ನಿಜವಾದ ಚೆಂಡು ಇರುವುದಿಲ್ಲ, ಟಿ.ವಿ.ಯ ಮೇಲೆ ಚೆಂಡಿನ ಚಿತ್ರ ಓಡುತ್ತದೆ, ಪಕ್ಕದ ಗುಂಡಿ ಒತ್ತಿದರೆ ಚಿತ್ರದಲ್ಲಿರುವ ಎರಡು ಪುಟ್ಟ ಕೈಗಳು ಅದನ್ನು ಮೇಲಕ್ಕೆ ಹೊಡೆಯುತ್ತವೆ, ಬೇಕೆಂದಾಗ ಇದೇ ಟಿ.ವಿ.ಯಲ್ಲಿ ಕೋಲು ಆಡಿಸುವ ಹಳೆಯ ಆಟಗಳೂ ಬರುತ್ತವೆ ಎಂದು ವಿವರಿಸಿದೆ. ನೀನು ಫ್ಲಿಪ್ಪರ್ ಎನ್ನುತ್ತೀಯ, ನನಗೆ ಅವು ಮೊದಲಿನಿಂದಲೂ ಕೈಗಳೇ. ಗುನುಗಪ್ಪ ಎಲ್ಲ ಕೇಳಿಸಿಕೊಂಡು, "ಚೆಂಡೇ ಇಲ್ಲದ ಮೇಲೆ ಇಷ್ಟು ಗಟ್ಟಿ ಪೆಟ್ಟಿಗೆ ಯಾಕಮ್ಮ?" ಎಂದ. ಆಡುವ ಮನುಷ್ಯರು ನಿಜದವರಲ್ಲವೇ ಎಂದೆ. ಆ ಮಾತು ಅವನಿಗೆ ಹಿಡಿಸಿತೆಂದು ಕಾಣುತ್ತದೆ, ಮೂಲೆಗಳನ್ನು ಕೀಸುಳಿ ಹಿಡಿದು ಅವನೇ ಮತ್ತೊಮ್ಮೆ ಒಪ್ಪ ಮಾಡಿದ.

ತಂತಿಗಳ ಕೆಲಸ ಸೊಸೆಯದು. ಕಿವಿ ಕೇಳದವರ ಯಂತ್ರ ರಿಪೇರಿ ಮಾಡುವ ಕೈ ಅದು, ಅಕ್ಕಿಕಾಳಿನಷ್ಟು ಜಾಗದಲ್ಲಿ ಬೆಸುಗೆ ಹಾಕುತ್ತಾಳೆ. ಕ್ಲಿನಿಕ್ಕಿನಿಂದ ಸಂಜೆ ಬಂದವಳು ಮುಖ ತೊಳೆದು ನೇರ ಪೆಟ್ಟಿಗೆಯೊಳಗೆ ತಲೆ ಹಾಕುತ್ತಿದ್ದಳು. ನಾನು ಪಕ್ಕದಲ್ಲಿ ಟಾರ್ಚು ಹಿಡಿದು ನಿಲ್ಲುತ್ತಿದ್ದೆ. "ಅತ್ತೆ, ಬೆಳಕು ನನ್ನ ಕೈಗೆ ಹಿಡೀರಿ, ನನ್ನ ತಪ್ಪಿಗಲ್ಲ" ಎಂದು ಒಳಗಿನಿಂದ ಹೇಳಿದಳು ಒಂದು ದಿನ. ಬೇರೆ ಸಮಯದಲ್ಲಿ ಆಗಿದ್ದರೆ ಇದಕ್ಕೆ ಉತ್ತರ ಕೊಡುತ್ತಿದ್ದೆ. ತಲೆ ಪೆಟ್ಟಿಗೆಯೊಳಗಿದ್ದವಳ ಜೊತೆ ಜಗಳ ಆಡಲಾಗುವುದಿಲ್ಲ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಾವಿಬ್ಬರೂ ಅಷ್ಟು ಹೊತ್ತು ಒಂದೇ ಕೋಣೆಯಲ್ಲಿ ನಿಂತದ್ದು ಇದೇ ಮೊದಲು. ಗುಂಡಿ ಒತ್ತಿದಾಗ ಕೇಳಿಸಬೇಕಾದ ಆ ಟಕ್ ಸದ್ದಿಗೆಂದು ನೀನು ಇಟ್ಟಿದ್ದ ಕಬ್ಬಿಣದ ತುಂಡುಗಳನ್ನು ಅವಳು ಜೋಡಿಸಿ ಮೊದಲ ಸಲ ಟಕ್ ಎನಿಸಿದಾಗ ಇನ್ನೊಮ್ಮೆ ಒತ್ತು ಎಂದೆ. ಅವಳು ನನ್ನ ಮುಖ ನೋಡಿ ಇನ್ನೂ ಎರಡು ಸಲ ಒತ್ತಿದಳು. ಬುದ್ಧಿವಂತೆ.

ಈಗ ನಡೆದ ಅವಾಂತರವನ್ನು ಬರೆಯುತ್ತೇನೆ. ನಗುವುದಿದ್ದರೆ ಈಗಲೇ ನಕ್ಕುಬಿಡು, ಎದುರಿಗೆ ನಗಬೇಡ. ಪೆಟ್ಟಿಗೆಯ ಹಿಂಬದಿಗೆಂದು ನೀನು ಕತ್ತರಿಸಿಟ್ಟಿದ್ದ ಹಲಗೆಯ ನಡುವೆ ಒಂದು ಚೌಕ ಕಂಡಿ ಇತ್ತು. ಅದನ್ನು ನೋಡಿ ನನಗೆ ಮೈ ಉರಿಯಿತು. ಇಷ್ಟು ಒಳ್ಳೆಯ ಹಲಗೆಯನ್ನು ನಡುವೆ ಕೊರೆದು ಹಾಳು ಮಾಡಿದ್ದಾನಲ್ಲ, ಅಳತೆ ತಪ್ಪಿ ಕೊರೆದವನು ನಾಚಿಕೆಗೆ ಯಾರಿಗೂ ಹೇಳಿಲ್ಲ ಎಂದುಕೊಂಡೆ. ಜೊತೆಗೆ ಸ್ಕ್ರೂಗಳ ಒಂದು ಪೊಟ್ಟಣ ಬೇರೆ. ಸ್ಕ್ರೂವಿನ ತಲೆ ಕಂಡರೆ ನಿನ್ನ ಭಾವ ಊಟ ಬಿಡುತ್ತಿದ್ದದ್ದು ನಿನಗೇ ಗೊತ್ತು. ನಮ್ಮ ಅಂಗಡಿಯ ಬೀರು ಎಂದರೆ ಹಿಂದಿನ ಹಲಗೆ ಚೌಕಟ್ಟಿನಲ್ಲಿ ಕೊರೆದ ಸಂದಿಯೊಳಗೆ ಕೂರಬೇಕು, ಸುತ್ತಲೂ ಅಂಟು ಹಚ್ಚಬೇಕು, ಕ್ಲಾಂಪು ಹಾಕಿ ಬಿಗಿದು ಒಂದು ದಿನ ಮುಟ್ಟಬಾರದು. ಗುನುಗಪ್ಪನಿಗೆ ಹೊಸ ಹಲಗೆ ಕೊಡಿಸಿ ಹಾಗೆಯೇ ಮಾಡಿಸಿದೆ. ಒಳಗೆ ಟಿ.ವಿ., ಕಂಪ್ಯೂಟರು, ತಂತಿಗಳು ಎಲ್ಲ ಕೂತಾಗಿತ್ತು. ಮೇಲಿನ ಗಾಜಿಗೂ ಪಟ್ಟಿ ಇಟ್ಟು ಅಂಟಿಸಿದೆವು. ಎಲ್ಲ ಮೂಲೆಗಳೂ ಎಷ್ಟು ಬಿಗಿ ಎಂದರೆ ನೀರು ಸುರಿದರೆ ಒಳಗೆ ಇಳಿಯುತ್ತಿರಲಿಲ್ಲ. ನಾನೇ ಕೂತು ಪಾಲಿಶ್ ಹಾಕಿದೆ. ಬೇರೆಯವರ ಕೈಗೆ ಪಾಲಿಶ್ ಬಟ್ಟೆ ಕೊಡುವವಳಲ್ಲ ನಾನು.

ಅಂಟು ಒಣಗಿದ ಮೇಲೆ ಎಲ್ಲರನ್ನೂ ಕರೆದೆ. ಅಂಗಡಿಯ ಗರಗಸ ನಿಲ್ಲಿಸಿ, ಕೆಲಸದವರನ್ನೂ ಸಾಲಾಗಿ ನಿಲ್ಲಿಸಿದೆ. ಸೊಸೆಗೆ, "ಹಾಕು ಸ್ವಿಚ್ಚು" ಎಂದೆ. ಅವಳು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದಳು. ಬಗ್ಗಿ ನೋಡಿದಳು. ಇನ್ನೊಂದು ಸುತ್ತು ಬಂದಳು. ಆಮೇಲೆ ಮೆಲ್ಲಗೆ, "ಅತ್ತೆ, ಪ್ಲಗ್ಗು ಎಲ್ಲಿ?" ಎಂದಳು. ಪ್ಲಗ್ಗು ಒಳಗಿತ್ತು. ತಂತಿ ನೆಲಕ್ಕೆ ತಾಗಿ ಕೊಳೆಯಾಗಬಾರದೆಂದು ನಾನೇ ಅದನ್ನು ಸುರುಳಿ ಸುತ್ತಿ ಒಳಗಿಟ್ಟು ಹಲಗೆ ಕೂರಿಸಿದ್ದೆ. ಗುನುಗಪ್ಪನ ಗುನುಗು ನಿಂತಿತು. ನಿನ್ನ ಸೋದರಳಿಯ ಗೋಡೆಯ ಕಡೆ ತಿರುಗಿಕೊಂಡ. ಅವನ ಬೆನ್ನು ಅಲುಗುವುದು ಕಾಣುತ್ತಿತ್ತು. "ಅಮ್ಮ, ನಮ್ಮಂಗಡಿ ಅಂಟು ಅಂದ್ರೆ ಅಂಟಪ್ಪ" ಎಂದ. ಆಗ ನನಗೆ ಆ ಚೌಕ ಕಂಡಿಯ ಅರ್ಥವಾಯಿತು. ನೀನು ಅಳತೆ ತಪ್ಪಿರಲಿಲ್ಲ. ಅದು ಬಾಗಿಲಿನ ಜಾಗ. ನೀನು ಜೀವಮಾನವೆಲ್ಲ ಯಂತ್ರ ಬಿಚ್ಚಿದವನು, ಮಾಡುವಾಗಲೇ ನಾಳೆ ಬಿಚ್ಚುವುದನ್ನು ಯೋಚಿಸುತ್ತೀಯ. ನಾವು ಮುಚ್ಚುವುದನ್ನು ಮಾತ್ರ ಕಲಿತವರು.

ಹೊಸ ಹಲಗೆಯನ್ನು ಕೊಯ್ಯಿಸಬೇಕಾಯಿತು. ನನ್ನ ಕೈಯಾರೆ ಪಾಲಿಶ್ ಹಾಕಿದ ಹಲಗೆ. ಗುನುಗಪ್ಪ ಗರಗಸ ಇಡುವ ಮೊದಲು, "ಅಮ್ಮ, ನೀವು ಮೇಲಕ್ಕೆ ಹೋಗಿ, ನೋಡಬೇಡಿ" ಎಂದ. ಹೋಗಲಿಲ್ಲ. ಎದುರಿಗೇ ನಿಂತು ಕೊಯ್ಯಿಸಿದೆ. ನೀನು ಕೊರೆದಿದ್ದ ಅಳತೆಗೇ ಚೌಕ ಕೊರೆಸಿ, ಪುಟ್ಟ ಬಾಗಿಲು ಮಾಡಿಸಿ, ನಿನ್ನ ಪೊಟ್ಟಣದ ಸ್ಕ್ರೂಗಳಿಂದಲೇ ಕೀಲು ಕೂರಿಸಿದೆವು. ಸ್ಕ್ರೂವಿನ ತಲೆಗಳು ಹೊರಗೆ ಕಾಣುತ್ತವೆ. ಕಾಣಲಿ.

ಕಾಲುಗಳ ವಿಷಯವನ್ನೂ ಹೇಳಬೇಕು. ನೀನು ಕತ್ತರಿಸಿಟ್ಟಿದ್ದ ನಾಲ್ಕು ಕಾಲುಗಳನ್ನು ಕೂರಿಸಿದ ಮೇಲೆ ಗುನುಗಪ್ಪ ದೂರ ನಿಂತು ನೋಡಿ ತಲೆ ಕೆರೆದುಕೊಂಡ. "ಕಾಲು ಗಿಡ್ಡ ಆಯ್ತಮ್ಮ. ಅವರಷ್ಟು ಎತ್ತರದ ಮನುಷ್ಯ ಇದರ ಮುಂದೆ ನಿಂತರೆ ಸೊಂಟ ಮುರೀತದೆ. ಬೇರೆ ಹಾಕೋಣ" ಎಂದ. ಹಾಕೋಣ ಎಂದು ಹೇಳುವ ಮೊದಲು, ಎಷ್ಟು ಗಿಡ್ಡ ಎಂದು ನೋಡಲು ನಾನು ಹೋಗಿ ನಿಂತೆ. ಕೈಗಳನ್ನು ಎರಡೂ ಪಕ್ಕಕ್ಕೆ ಬಿಟ್ಟೆ. ಬೆರಳುಗಳು ಹುಡುಕದೆಯೇ ಗುಂಡಿಗಳ ಮೇಲೆ ಹೋಗಿ ಕೂತವು. ಮೊಣಕೈ ಎತ್ತಬೇಕಾಗಲಿಲ್ಲ, ಇಳಿಸಬೇಕಾಗಲಿಲ್ಲ. ಎರಡೂ ಗುಂಡಿಗಳನ್ನು ಒಮ್ಮೆ ಒತ್ತಿ ನೋಡಿದೆ. ಆಮೇಲೆ ಕಾಲು ಬದಲಿಸುವುದು ಬೇಡ ಎಂದೆ. "ಯಾಕಮ್ಮ?" ಎಂದ. "ಹೇಳಿದಷ್ಟು ಮಾಡು" ಎಂದು ಗದರಿದೆ. ಪಾಪ, ಅವನಿಗೆ ಹೇಗೆ ಗೊತ್ತಾಗಬೇಕು.

ಗೊತ್ತಿರುವುದು ನಮ್ಮಿಬ್ಬರಿಗೆ ಮಾತ್ರ. ನೀನು ಕೆಲಸ ಮಾಡುತ್ತಿದ್ದ ಆ ಆಟದ ಯಂತ್ರಗಳ ಹಾಲ್‌ಗೆ ವಾರದಲ್ಲಿ ಒಂದು ದಿನ ರಜೆ, ಆ ದಿನವೇ ನಿನಗೆ ರಿಪೇರಿಯ ದಿನ. ಮಧ್ಯಾಹ್ನ ನಾನು ನಿನಗೆ ಊಟದ ಡಬ್ಬಿ ತರುತ್ತಿದ್ದೆ. ಜನರಿಲ್ಲದ ಅಷ್ಟು ದೊಡ್ಡ ಹಾಲ್, ಸಾಲಾಗಿ ಕಣ್ಣು ಮುಚ್ಚಿ ನಿಂತ ಯಂತ್ರಗಳು, ಕಿಟಕಿಯ ಪರದೆಯ ಸಂದಿನಿಂದ ಬೀಳುವ ಬಿಸಿಲು. ಮೊದಲ ಸಲ ನೀನು ಎಣ್ಣೆಯ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಾ, "ಅಕ್ಕ, ಇಬ್ಬರು ಆಡಿದ್ರೆ ಎರಡನೆಯವರ ಲೆಕ್ಕ ಸರಿಯಾಗಿ ಬರುತ್ತಾ ನೋಡ್ಬೇಕು, ಒಂಚೂರು ನಿಂತ್ಕೋ" ಎಂದೆ. ನನಗಿದು ಬರುವುದಿಲ್ಲ ಎಂದೆ ನಾನು. "ಬರದಿದ್ರೆ ಇನ್ನೂ ಒಳ್ಳೇದು, ಚೆಂಡು ಬೇಗ ಬೀಳುತ್ತೆ, ಕೆಲಸ ಬೇಗ ಮುಗಿಯುತ್ತೆ" ಎಂದೆ ನೀನು. ಹೀಗೆ ಹೇಳಿದರೆ ನಾನು ಬಿಡುತ್ತೇನೆಯೇ? ಚೀಲ ಕೆಳಗಿಟ್ಟು ನಿಂತೆ. ಅಂದಿನಿಂದ ಆ ಹಾಲ್ ಮುಚ್ಚುವವರೆಗೆ ಪ್ರತಿ ವಾರ ನೀನು ಮೊದಲನೆಯವನು, ನಾನು ಎರಡನೆಯವಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹತ್ತು ಜನ ಬಡಗಿಗಳನ್ನು ಬೆರಳ ತುದಿಯಲ್ಲಿ ನಿಲ್ಲಿಸುವ ಹೆಂಗಸು ಆಟದ ಹಾಲ್‌ನಲ್ಲಿ ಚೆಂಡು ಹೊಡೆಯುತ್ತಾಳೆ ಎಂದು ತಿಳಿದರೆ ನಾಳೆ ಯಾರು ನನ್ನ ಮಾತು ಕೇಳುತ್ತಾರೆ? "ಡಬ್ಬಿ ಕೊಡೋಕೆ ಇಷ್ಟು ಹೊತ್ತಾ?" ಎಂದು ನಿನ್ನ ಭಾವ ಕೇಳಿದರೆ, "ಅವನು ನಿಧಾನವಾಗಿ ಉಣ್ಣುತ್ತಾನೆ" ಎನ್ನುತ್ತಿದ್ದೆ. ಪಾಪ ಅವರು, ನೀನು ತಿನ್ನುವುದು ನಿಧಾನ ಎಂದು ಕೊನೆಯವರೆಗೂ ನಂಬಿದ್ದರು. ಈಗ ಆ ಹಾಲ್ ಚಪ್ಪಲಿಗಳ ಗೋದಾಮು. ಮೊನ್ನೆ ಆ ಕಡೆ ಹೋಗಿದ್ದೆ. ಅದೇ ಕಿಟಕಿ, ಅದೇ ಬಿಸಿಲು, ಒಳಗೆ ಚಾವಣಿಯವರೆಗೆ ರಟ್ಟಿನ ಪೆಟ್ಟಿಗೆಗಳು.

ನಿನ್ನ ಪೆಟ್ಟಿಗೆ ಈಗ ಓಡುತ್ತದೆ. ಮೊದಲ ಸಲ ದೀಪ ಹತ್ತಿದಾಗ ಕೋಣೆಯ ಗೋಡೆಯೆಲ್ಲ ಕೆಂಪು ನೀಲಿ ಆಯಿತು. ಕೆಲಸದವರು ಮಕ್ಕಳ ಹಾಗೆ ಕೂಗಿದರು. ನಿನ್ನ ಸೋದರಳಿಯ ಆಡಿದ, ಸೊಸೆ ಆಡಿದಳು, ಗುನುಗಪ್ಪ ಆಡಿ ಚೆಂಡು ಬಿದ್ದಾಗ ಪೆಟ್ಟಿಗೆಯ ಕೆಳಗೆ ಬಗ್ಗಿ ಹುಡುಕಿದ. ನಾನು ಆಡುವುದಿಲ್ಲ ಎಂದು ಮೊದಲು ಬಿಗುಮಾನ ಮಾಡಿದೆ. ಒತ್ತಾಯ ಮಾಡಿಸಿಕೊಂಡು ನಿಂತೆ. ಚೆಂಡು ಅಂಚಿಗೆ ಹೋಗುವಾಗ ನೀನು ಕಲಿಸಿದ ಹಾಗೆ ಪೆಟ್ಟಿಗೆಗೆ ಸೊಂಟದಿಂದ ಸ್ವಲ್ಪ ಒತ್ತು ಕೊಟ್ಟೆ. ಸ್ವಲ್ಪ ಹೆಚ್ಚಾಯಿತು. ಟಿಲ್ಟ್ ಎಂದು ತೋರಿಸಿ ದೀಪಗಳೆಲ್ಲ ಆರಿ, ಕೈಗಳು ಸತ್ತು ಹೋದವು. ಅತಿಯಾಗಿ ಅಲುಗಿಸಿದವರಿಗೆ ಶಿಕ್ಷೆ. ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು, "ಈ ಮನೇಲಿ ಅತ್ತೆಗೆ ಸಾಕು ಅನ್ನೋ ಧೈರ್ಯ ಇದಕ್ಕೊಂದಕ್ಕೇ ಬಂತು ನೋಡಿ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ಅವರು ಆಮೇಲೆ ಹೇಳಿದರು. ಆದರೆ ನಾನು ಎರಡನೆಯ ಸರದಿಗೆ ಚೆಂಡನ್ನು ಮೇಲಿನ ಸುರಂಗಕ್ಕೆ ಕಳಿಸಿದಾಗ ಎಲ್ಲರೂ ಪೆಟ್ಟಿಗೆಯ ಹತ್ತಿರಕ್ಕೆ ಬಂದರು. "ಅಮ್ಮ, ಇದು ನಿನಗೆ ಯಾವಾಗ ಬಂತು?" ಎಂದ ಮಗ. ಟಿ.ವಿ.ಯಲ್ಲಿ ನೋಡಿದ್ದೆ ಎಂದೆ.

ಒಂದು ವಾರ ಗದ್ದಲವಿತ್ತು. ಆಮೇಲೆ ಎಲ್ಲರಿಗೂ ಅವರವರ ಕೆಲಸ. ಮಗನಿಗೆ ಆರ್ಡರುಗಳು, ಸೊಸೆಗೆ ಕ್ಲಿನಿಕ್ಕು. ಸಂಜೆ ಬಂದರೆ ಇಬ್ಬರೂ ಊಟ ಮಾಡಿ ಒಂದೊಂದು ಫೋನು ಹಿಡಿದು ಕೂರುತ್ತಾರೆ. ಅವರದು ತಪ್ಪು ಎನ್ನುತ್ತಿಲ್ಲ, ದಣಿದಿರುತ್ತಾರೆ. ನನ್ನ ಹತ್ತಿರ ಮಾತಾಡುವುದಿಲ್ಲವೆಂದೂ ಅಲ್ಲ. "ಅಮ್ಮ, ಮಾತ್ರೆ ತಗೊಂಡ್ಯಾ?" "ಅತ್ತೆ, ಹಾಲಿನವನು ಬಂದಿದ್ನಾ?" ಎಲ್ಲ ಕೇಳುತ್ತಾರೆ. ದಿನಕ್ಕೆ ಎಷ್ಟೋ ಜನ ಅಂಗಡಿಗೆ ಬರುತ್ತಾರೆ, ಎಲ್ಲರೂ ನನಗೆ ನಮಸ್ಕಾರ ಹೇಳುತ್ತಾರೆ, ನನ್ನ ಎದುರು ದನಿ ತಗ್ಗಿಸುತ್ತಾರೆ. ಇಷ್ಟು ವರ್ಷ ನಾನೇ ಬಯಸಿ ಕಟ್ಟಿಕೊಂಡ ಮರ್ಯಾದೆ ಅದು. ನನ್ನ ಜೊತೆ ದನಿ ಎತ್ತಿ ಮಾತಾಡುತ್ತಿದ್ದವನು, "ಅಕ್ಕ, ನೀನು ಮೋಸ ಮಾಡ್ದೆ, ಇನ್ನೊಂದಾಟ" ಎಂದು ಪಟ್ಟು ಹಿಡಿಯುತ್ತಿದ್ದವನು ಒಬ್ಬನೇ ಇದ್ದ.

ಮಧ್ಯಾಹ್ನ ಕೆಲಸದವರು ಊಟಕ್ಕೆ ಹೋದಾಗ ಗರಗಸ ನಿಲ್ಲುತ್ತದೆ. ಆ ಹೊತ್ತಿಗೆ ನಾನು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ಶುರು ಮಾಡುವ ಗುಂಡಿಯನ್ನು ಕೈ ತಾನಾಗಿ ಎರಡು ಸಲ ಒತ್ತುತ್ತದೆ. ಎರಡು ಸಲ ಒತ್ತಿದರೆ ಇಬ್ಬರ ಆಟ. ಬದಲಿಸಿಕೊಳ್ಳೋಣವೆಂದು ನೋಡಿದೆ, ಕೈ ಕೇಳಲಿಲ್ಲ. ಈಗ ಮೊದಲನೆಯವಳು ನಾನೇ. ನನ್ನ ಚೆಂಡು ಬಿದ್ದ ಮೇಲೆ ಎರಡನೆಯವರ ಸರದಿ ಎಂದು ಪರದೆಯ ಮೇಲೆ ಬರುತ್ತದೆ. ಮೊದಲ ದಿನ ನಿನ್ನ ಸರದಿಯನ್ನೂ ನಾನೇ ಆಡಿ ನೋಡಿದೆ. ಚೆನ್ನಾಗಿ ಆಡಿದರೆ ನನಗೇ ಸೋಲು, ಕೆಟ್ಟದಾಗಿ ಆಡಿದರೆ ನಿನಗೆ ಮೋಸ. ಸರಿಬರಲಿಲ್ಲ. ಈಗ ಹಿಡಿ ಎಳೆದು ಬಿಟ್ಟು ಕೈ ಕಟ್ಟಿಕೊಂಡು ನಿಲ್ಲುತ್ತೇನೆ. ಚೆಂಡು ಮೇಲೆ ಹೋಗುತ್ತದೆ, ಅಲ್ಲಿ ಇಲ್ಲಿ ತಗಲುತ್ತದೆ, ಎರಡು ಕೈಗಳ ನಡುವೆ ನೇರವಾಗಿ ಬಿದ್ದು ಹೋಗುತ್ತದೆ. ಆಮೇಲೆ ಮತ್ತೆ ನನ್ನ ಸರದಿ.

ನೀನು ಏಕೆ ಹೋದೆ ಎಂದು ನನಗೆ ಗೊತ್ತಿಲ್ಲವೆಂದು ತಿಳಿಯಬೇಡ. ಆಟದ ಹಾಲ್ ಮುಚ್ಚಿದ ಮೇಲೆ ನೀನು ಹಿಂದಿನ ಕೋಣೆಯಲ್ಲಿ ಈ ಪೆಟ್ಟಿಗೆಯ ಮುಂದೆ ಕೂತಿರುತ್ತಿದ್ದೆ. ಕಿಟಕಿಯ ಚೌಕಟ್ಟು ಮಾಡಿಸಲು ಬಂದ ಹೆಂಗಸು ಇಣುಕಿ, "ಅವರು ಯಾರು, ಕೆಲಸದವರಾ?" ಎಂದು ಕೇಳಿದಳು. ಮಗ ಅಳತೆ ಬರೆದುಕೊಳ್ಳುತ್ತಾ, "ಅಲ್ಲ, ನಮ್ಮ ಮಾವ. ಮನೇಲೇ ಇರ್ತಾರೆ" ಎಂದ. ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ, ಇದ್ದದ್ದನ್ನು ಹೇಳಿದ. ಆದರೆ ಗುಂಡಿಯ ತೂತನ್ನು ಉಜ್ಜುತ್ತಿದ್ದ ನಿನ್ನ ಕೈ ನಿಂತದ್ದನ್ನು ನಾನು ಮೆಟ್ಟಿಲ ಮೇಲಿನಿಂದ ನೋಡಿದೆ. ಆ ವಾರವೇ ನೀನು ಹಡಗಿನವರಿಗೆ ಬರೆದೆ. ಹೊರಟಾಗ ನಾನು ಬೇಡ ಎನ್ನಲಿಲ್ಲ. ಈ ಮನೆಯ ಗಂಡಸು ದುಡಿಯಲು ಹೊರಟರೆ ತಡೆಯುವ ಪದ್ಧತಿ ನನ್ನಲ್ಲಿಲ್ಲ.

ಇನ್ನು ವ್ಯವಹಾರದ ಮಾತು. ನಾವು ಬೀರು ಮಾಡಿಕೊಟ್ಟ ಹಲ್ಲಿನ ಡಾಕ್ಟರು ಮೊನ್ನೆ ಅಂಗಡಿಗೆ ಬಂದಾಗ ಹಿಂದಿನಿಂದ ಟಕ್ ಟಕ್ ಕೇಳಿ ಒಳಗೆ ಬಂದರು. ಹೊರಗೆ ಅವರ ಗಾಡಿಯಲ್ಲಿ ಯಾರೋ ಹಾರ್ನು ಹೊಡೆಯುತ್ತಿದ್ದರೂ ಆಡುತ್ತಲೇ ಇದ್ದರು. ಕಾಯುವ ಕೋಣೆಯಲ್ಲಿ ಮಕ್ಕಳು ಅಳುತ್ತಾರೆ, ಅಲ್ಲಿಗೆ ಇಂಥದ್ದೊಂದು ಬೇಕು ಎಂದರು. ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯವನೂ ಒಂದು ಕೇಳಿದ್ದಾನೆ. ಮಗ, "ಮಾವ ಇದ್ದಿದ್ರೆ ಇದನ್ನೇ ಒಂದು ಕೆಲಸ ಮಾಡ್ಬಹುದಿತ್ತು" ಎಂದು ಎರಡು ಮೂರು ಸಲ ಅಂದ. ಪೆಟ್ಟಿಗೆ ನಾವು ಮಾಡಬಲ್ಲೆವು, ತಂತಿ ಸೊಸೆ ಜೋಡಿಸಬಲ್ಲಳು, ಒಳಗಿನ ಆಟಗಳನ್ನು ಕೂರಿಸಿ ಸರಿಮಾಡುವುದು ನಿನ್ನೊಬ್ಬನಿಗೇ ಗೊತ್ತು. ಇದನ್ನು ನಿನಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ನಿನ್ನ ತೀರ್ಮಾನ ನಿನ್ನದು. ಹಡಗಿನಲ್ಲಿ ನಿನಗೆ ಬೆಲೆ ಇದೆ ಎಂದರೆ ನನಗೆ ಸಂತೋಷವೇ.

ಮಗ, ಸೊಸೆ ನಿನಗೆ ನಮಸ್ಕಾರ ತಿಳಿಸಿದ್ದಾರೆ. ಸೊಸೆ, ನೀನು ಹಸಿರು ಟೇಪು ಸುತ್ತಿದ ಒಂದು ತಂತಿ ತಪ್ಪಾಗಿತ್ತು, ತಾನು ಸರಿಪಡಿಸಿದ್ದೇನೆ ಎಂದು ಬರೆಯಲು ಹೇಳಿದ್ದಾಳೆ. ಅವಳ ಹೆಮ್ಮೆಗೆ ಬರೆದಿದ್ದೇನೆ, ನೀನು ವಾದಕ್ಕೆ ಇಳಿಯಬೇಡ. ಗುನುಗಪ್ಪನಿಗೆ, ಕಾಲು ಗಿಡ್ಡವಾದದ್ದು ತನ್ನ ತಪ್ಪಲ್ಲ ಎಂದು ತಿಳಿಸಬೇಕಂತೆ. ಹೊತ್ತಿಗೆ ಸರಿಯಾಗಿ ಉಣ್ಣು. ಹಡಗು ಹೊಯ್ದಾಡುವಾಗ ಏಣಿ ಹತ್ತಬೇಡ. ನೀನು ಎಲ್ಲಿದ್ದರೂ ನಿನ್ನ ಕಾಲಡಿಯ ಹಲಗೆ ಗಟ್ಟಿಯಾಗಿರಲಿ ಎಂದು ಹಾರೈಸುವ,

ನಿನ್ನ ಅಕ್ಕ.

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುವ ಮೊದಲು ಇದೊಂದನ್ನು ಸೇರಿಸುತ್ತಿದ್ದೇನೆ, ಅಂಚೆ ಪೆಟ್ಟಿಗೆ ತೆಗೆಯುವ ಹೊತ್ತಾಗುತ್ತಿದೆ. ಹಲ್ಲಿನ ಡಾಕ್ಟರದು, ಚಹಾದಂಗಡಿಯವನದು ಎರಡೂ ನಿಜ. ಆದರೆ ನೀನು ಅದಕ್ಕಾಗಿ ಬರಬೇಡ. ಅವರಿಗೆ ಆಗುವುದಿಲ್ಲವೆಂದು ಬೇಕಾದರೆ ನಾನೇ ಹೇಳುತ್ತೇನೆ. ಇವತ್ತು ಊಟವಾದ ಮೇಲೆ ಆಡಿದೆ. ನನ್ನ ಸರದಿ ಮುಗಿಯಿತು, ನಿನ್ನ ಚೆಂಡು ಬಂದು ಹಿಡಿಯ ಮುಂದೆ ನಿಂತಿತು. ಇವತ್ತು ಅದನ್ನು ಎಳೆದು ಬಿಡಲು ಮನಸ್ಸಾಗಲಿಲ್ಲ. ಯಾರೂ ಎಳೆಯದಿದ್ದರೆ ಚೆಂಡು ಎಷ್ಟು ದಿನವಾದರೂ ಅಲ್ಲೇ ಕಾಯುತ್ತದೆ ಎಂದು ನೀನೇ ಹೇಳಿದ್ದೆ. ಪೆಟ್ಟಿಗೆಯ ಸ್ವಿಚ್ಚನ್ನು ಯಾರೂ ಮುಟ್ಟಕೂಡದು ಎಂದು ಮನೆಯವರಿಗೆಲ್ಲ ಹೇಳಿದ್ದೇನೆ, ಏಕೆ ಎಂದು ಕೇಳುವ ಧೈರ್ಯ ಯಾರಿಗೂ ಬಂದಿಲ್ಲ. ಸಹಿ ಹಾಕಬೇಡ, ತಮ್ಮಯ್ಯ. ಕೆಲಸ ಇದ್ದರೂ ಬಾ, ಇಲ್ಲದಿದ್ದರೂ ಬಾ. ಅಂಗಡಿಗೆ ಬಂದವರು ಯಾರಾದರೂ ಇವರು ಯಾರು ಎಂದು ಕೇಳಿದರೆ ಈ ಸಲ ನಾನೇ ಎದುರಿಗೆ ನಿಂತು ಹೇಳುತ್ತೇನೆ: ಇವನು ನನ್ನ ತಮ್ಮ, ಮನೇಲೇ ಇರ್ತಾನೆ.